ಟ್ರ್ಯಾಕ್ಟರಿಗೆ ಸೋಮವಾರವಿಲ್ಲ

ಸಿಟ್ಟಿಗೂ ಓದಿಗೂ ಸಂಬಂಧವಿಲ್ಲ ಎಂಬುದು ನನ್ನ ಅನುಭವ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಮೈಮುರಿದು ದುಡಿದೆ, ಎತ್ತು ಮಾರಿ ಟ್ರ್ಯಾಕ್ಟರ್ ತಂದೆ. ಸಿಟ್ಟು ಮಾತ್ರ ಯಾವ ಪದವೀಧರನಿಗೂ ಕಡಿಮೆಯಿಲ್ಲದಂತೆ ಇಟ್ಟುಕೊಂಡಿದ್ದೇನೆ. ಈ ಸಲ ಅದು ಕೆರಳಿದ್ದು ಕುಡಿಯುವ ನೀರಿನ ಸಲುವಾಗಿ. ನಮ್ಮ ಎರೆ ನೆಲದಲ್ಲಿ ಬೋರಿನ ನೀರು ಉಪ್ಪು. ಕುಡಿಯಲು ಕೆರೆಯೇ ಆಧಾರ. ಅದು ಹೂಳು ತುಂಬಿ ಕೆಟ್ಟಿತು. ಸರಕಾರ ಶುದ್ಧ ನೀರಿನ ಘಟಕ ಕಟ್ಟಿಸಿ ಒಬ್ಬ ಗುತ್ತಿಗೆದಾರನ ಕೈಗಿಟ್ಟಿತು. ಅವನು ಮೊದಲು ಮಾಡಿದ ಕೆಲಸ ದರ ಏರಿಸಿದ್ದು. ಕೇಳಲು ಹೋದರೆ ಪಂಚಾಯತಿಯವರು ಅವನ ಕಡೆ ಕೈ ಮಾಡಿದರು, ಅವನು ಪಂಚಾಯತಿಯ ಕಡೆ. ನಡುವೆ ನಾನು, ಖಾಲಿ ಕೊಡ ಹಿಡಿದುಕೊಂಡು.

ಮನೆಗೆ ಬಂದು ಕೂಗಾಡುತ್ತಿದ್ದೆ. ಕುಂದಗೋಳದಲ್ಲಿ ಬಿ.ಎ. ಓದುವ ಮಗಳು ಗಿರಿಜಾ ಪುಸ್ತಕದಿಂದ ತಲೆ ಎತ್ತಿದಳು.

"ಅಪ್ಪಾ, ನೀ ಬೈಯೂದಕ್ಕ ಒಂದು ಹೆಸರೈತಿ. ಗೌಡ್ರು ತಮ್ಮ ರೊಕ್ಕದಾಗ ಬಾವಿ ತೋಡಿಸಿ ನೀರ ಮಾರಿದ್ರ ಬಂಡವಾಳಶಾಹಿ. ಊರೆಲ್ಲಾ ಕೂಡಿ ತೋಡಿದ ಕೆರಿ ಎಲ್ಲಾರದೂ ಅಂದ್ರ ಸಮಾಜವಾದ. ಎಲ್ಲಾರ ರೊಕ್ಕದಾಗ ಕಟ್ಟಿದ್ದನ್ನ ಒಬ್ಬಾಂವಗ ಕೊಟ್ಟು, ಇನ್ನ ಮಾರ್ಕೆಟ್ಟನ ಎಲ್ಲಾ ನೋಡ್ಕೋತೈತಿ ಅಂತ ಸರಕಾರ ಕೈ ತೊಳಕೊಂಡ್ರ ನವ ಉದಾರವಾದ."

"ಕೈ ತೊಳಕೊಳ್ಳಾಕ ಅವ್ರಿಗೆ ನೀರರೆ ಎಲ್ಲೀದು?" ಎಂದಳು ಒಳಗಿನಿಂದ ನನ್ನ ಹೆಂಡತಿ.

ಉದಾರವಂತೆ! ನನಗೆ ಸಮಾಜವಾದವೇ ಸರಿ ಕಂಡಿತು. ನಮ್ಮಜ್ಜನ ಕಾಲದಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಎತ್ತಿಗೆ ಸೂಟಿ ಎಂದರೆ ಮನುಷ್ಯನಿಗೂ ಬಿಡುವು; ಬೇಸಿಗೆಯಲ್ಲಿ ಮನೆಗೊಬ್ಬರು ಬುಟ್ಟಿ, ಸಲಿಕೆ ಹಿಡಿದು ಹೂಳೆತ್ತಲು ಕೆರೆಗೆ ಇಳಿಯುತ್ತಿದ್ದರು. ಅದನ್ನೇ ಮಾಡೋಣವೆಂದು ಮನೆಮನೆಗೆ ಹೋಗಿ ಹೇಳಿದೆ. ಬರದವರನ್ನು ಮುಂಚಿತವಾಗಿಯೇ ಬೈದೂ ಬಂದೆ.

ಸೋಮವಾರ ಬೆಳಿಗ್ಗೆ ಮೊರಬದಿಂದ, ನನ್ನ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಯುವ ರೈತನ ಫೋನು ಬಂತು. "ಇವತ್ತ ಬಂದು ಹೊಲಾ ಹೊಡದ ಕೊಡ್ರಿ. ಆಗಂಗಿಲ್ಲಂದ್ರ ಬ್ಯಾರೇದವ್ರಿಗೆ ಹೇಳ್ತೀನ್ರಿ." ಎತ್ತಿಗೆ ಸೋಮವಾರ ಉಂಟು, ಟ್ರ್ಯಾಕ್ಟರಿಗೆ ಎಲ್ಲಿಯದು? ನನ್ನ ಬದಲಿಗೆ ಒಬ್ಬ ಕೂಲಿಯಾಳನ್ನು ಕೆರೆಗೆ ಕಳಿಸುವುದೆಂದುಕೊಂಡೆ. ಊರಿನಲ್ಲಿ ಆಳು ಒದಗಿಸುವವನು ಒಬ್ಬನೇ: ಆ ನೀರಿನ ಗುತ್ತಿಗೆದಾರ. ಅವನಿಗೇ ಫೋನು ಮಾಡಿದೆ.

ಸಂಜೆ ಕೆರೆಗೆ ಹೋದರೆ ಊರವರು ಒಬ್ಬರೂ ಇಲ್ಲ. ಎಲ್ಲ ಮನೆಯಿಂದಲೂ ಅವನ ಆಳುಗಳೇ ಬಂದಿದ್ದರು. ಏರಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಹೂಳು ಇದ್ದಲ್ಲೇ ಇತ್ತು. "ಸಾವಕಾಶ ಮಾಡ್ರಿ ಅಂದಾರ್ರಿ ಸಾವ್ಕಾರ್ರು" ಎಂದ, ನಾನು ಕೂಲಿ ಕೊಟ್ಟವನು. ಸಾವ್ಕಾರ ಎಂದರೆ ಅದೇ ಗುತ್ತಿಗೆದಾರ.

"ಊರಾಗ ಒಬ್ಬರೂ ಬರಲಿಲ್ಲ ನೋಡವಾ" ಎಂದೆ ಮನೆಗೆ ಬಂದು ಮಗಳಿಗೆ.

"ನೀ ಹೋಗಿದ್ದೇನಪಾ?"

ಹೆಂಡತಿ ಖಾಲಿ ಕೊಡ ಕೈಗಿಟ್ಟಳು. ಘಟಕದ ಮುಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ಅವತ್ತು ಕೆರೆಗೆ ಆಳು ಕಳಿಸಿದವರೇ. ಅಂಥವರ ಮೇಲೆ ನನಗಿನ್ನೂ ಸಿಟ್ಟು ಇಳಿದಿಲ್ಲ.