ಇಟಲಿ ಕಾರಿನ ಧೂಳು

ಒಂದು ಕಾರು ತೊಳೆಯಲು ಎಷ್ಟು ಬುದ್ಧಿ ಬೇಕು? ಸ್ವಲ್ಪವಿದ್ದರೆ ಸಾಕು ಎಂದು ನಂಬಿದ್ದೆ. ಆ ಸ್ವಲ್ಪವೂ ನನ್ನಲ್ಲಿಲ್ಲ ಎಂಬುದು ಈಗ ನಮ್ಮ ಇಡೀ ರೋಣ ಊರಿಗೆ ಗೊತ್ತಾಗಿದೆ.

ನನ್ನ ಅಜ್ಜ ಮುಂಬೈಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದರು. ಊರಿಗೆ ಮರಳುವಾಗ ಇಟಲಿಯ ಎರಡೇ ಸೀಟಿನ ರೇಸಿನ ಕಾರೊಂದನ್ನು ತಂದರು. ಹೊಟ್ಟೆ ನೆಲಕ್ಕೆ ತಾಗುವಂಥ ಗಿಡ್ಡ ಕಾರು. ಅಬ್ಬಿಗೇರಿ ದಾರಿಯ ಎರೆಮಣ್ಣಿನಲ್ಲಿ ಮೊದಲ ಮಳೆಗೇ ಹೂತುಹೋಯಿತು. ಎರಡು ಜೋಡಿ ಎತ್ತು ಕಟ್ಟಿ ಎಳೆದು ತಂದು ಹಿತ್ತಲಿನ ಕಲ್ಲುಕೋಣೆಗೆ ನೂಕಿದರು. ಐವತ್ತು ವರ್ಷ ಅದು ಅಲ್ಲೇ ಮಲಗಿತ್ತು.

ಕಳೆದ ವರ್ಷ ಅದರ ಫೋಟೋವನ್ನು ಮುಂಬೈಯ ಹರಾಜು ಕಂಪನಿಯೊಂದಕ್ಕೆ ಕಳಿಸಿದೆ. ಮರುದಿನವೇ ಫೋನು ಬಂತು. ಮಾತಾಡಿದ ಅಧಿಕಾರಿ ಹುಬ್ಬಳ್ಳಿ ಮೂಲದ ಹೆಣ್ಣುಮಗಳು.

"ಇಂಥಾ ಕಾರ ದುನಿಯಾದಾಗ ನಾಕೈದ ಉಳದಾವ್ರಿ. ಹರಾಜಿಗಿ ಇಡೂಣು. ಮುಂದಿನ ವಾರ ನಾನ ಬಂದ ನೋಡತೀನಿ. ನೀವ ಏನೂ ಮಾಡಬ್ಯಾಡ್ರಿ, ಇದ್ದಂಗ ಇರ್ಲಿ."

ಹೆಂಡತಿ ಸುಮಂಗಲಾಗೆ ಅಂದೇ ಮಾತು ಕೊಟ್ಟೆ. ಕಾರು ಮಾರಿದ ಕೂಡಲೇ ತಗಡಿನ ಅಡಿಗೆಮನೆ ಕೆಡವಿ, ತಂಪಾದ ಹೊಸ ಅಡಿಗೆಮನೆ ಕಟ್ಟಿಸುವುದು. ಪ್ರತಿ ಬೇಸಿಗೆಯಲ್ಲೂ ಆ ತಗಡಿನ ಕೆಳಗೆ ರೊಟ್ಟಿಯ ಜೊತೆ ಆಕೆಯೂ ಬೇಯುತ್ತಿದ್ದಳು. ಆಕೆಯ ಮುಖ ಅರಳಿತು.

ಇನ್ನು "ಏನೂ ಮಾಡಬ್ಯಾಡ್ರಿ" ಎಂಬ ಮಾತು. ನಮ್ಮ ಕಡೆ ಬೀಗರು ಹೀಗೆ ಅಂದರೆ ಹೋಳಿಗೆ ಮಾಡಬೇಕು ಎಂದೇ ಅರ್ಥ. ಅವರ ಮಾತು ನಂಬಿ ಸುಮ್ಮನೆ ಕೂತವರನ್ನು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

"ಅವರ ಬ್ಯಾಡ ಅಂದಾರಲ್ರಿ," ಎಂದಳು ಸುಮಂಗಲಾ.

"ಅದು ಮರ್ಯಾದಿ ಮಾತ. ಕನ್ಯಾ ತೋರಸೂ ಮುಂದ ಮಾರಿ ತೊಳಿಯೂದಿಲ್ಲೇನು?"

ನೆರೆಯವರನ್ನು ಕರೆದು ಕಾರನ್ನು ಬೇವಿನ ಮರದ ಕೆಳಗೆ ನೂಕಿಸಿದೆ. ಸೋಡಾಪುಡಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿದೆ. ಧೂಳು ಹೋಯಿತು. ಧೂಳಿನ ಜೊತೆ ಅರ್ಧ ಬಣ್ಣವೂ ಹೋಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅತಿಥಿಗೆ ಬೋಳು ಕಾರು ತೋರಿಸುವುದು ಹೇಗೆ?

ಗಜೇಂದ್ರಗಡದಿಂದ ಪೇಂಟರ್ ಮೌನೇಶನನ್ನು ಕರೆಸಿದೆ. ಟ್ರ್ಯಾಕ್ಟರ್ ಟ್ರೇಲರಿಗೆ ಬಣ್ಣ ಹಚ್ಚುವುದರಲ್ಲಿ ನರಗುಂದದ ತನಕ ಅವನ ಹೆಸರಿದೆ.

"ಬಣ್ಣ ಯಾವುದ್ರಿ?"

"ನಿನಗ ಚಂದ ಕಂಡದ್ದ ಹಚ್ಚು."

ಅವನಿಗೆ ಚಂದ ಕಂಡದ್ದು ಗಿಣಿಹಸಿರು. ಬಾಗಿಲಿಗೊಂದು ನವಿಲು, ಮುಂದೆ ಅರಳಿದ ಕಮಲ. ಹಿಂದೆ ದಪ್ಪಕ್ಷರದಲ್ಲಿ "ಸಾವಕಾಶ ಹೋಗ್ರಿ". ಐವತ್ತು ವರ್ಷದಿಂದ ಎಲ್ಲಿಗೂ ಹೋಗದ ಕಾರಿಗೆ! ಹರಿದ ಚರ್ಮದ ಸೀಟುಗಳನ್ನು ಕಿತ್ತೆಸೆದು ಹೂವಿನ ರೆಕ್ಸಿನ್ ಹಾಕಿಸಿದೆ.

ಅಧಿಕಾರಿ ಬಂದರು. ಕಾರಿನ ಮುಂದೆಯೇ ನಿಂತು, "ಕಾರ ಎಲ್ಲೈತ್ರಿ?" ಎಂದರು.

"ಇದ ನೋಡ್ರಿ," ಎಂದೆ ಹೆಮ್ಮೆಯಿಂದ.

ಅವರು ಕಾರಿನ ಸುತ್ತ ಎರಡು ಸುತ್ತು ಬಂದು, ನವಿಲಿನ ಮೇಲೆ ಬೆರಳಾಡಿಸಿದರು. ಬಹಳ ಮೆಚ್ಚಿಕೊಂಡಿರಬೇಕು ಅಂದುಕೊಂಡೆ.

"ಹಳೀ ಬಣ್ಣ, ಹಳೀ ಸೀಟ, ಮ್ಯಾಲಿನ ಧೂಳ, ಬೆಲಿ ಇದ್ದದ್ದ ಅದಕ್ಕರಿ," ಎಂದರು ಕೊನೆಗೆ. "ಧೂಳ ಸೈತ ಒರಸಲಾರದಂಗ ಹರಾಜಿಗಿ ಒಯ್ಯವ್ರಿದ್ವಿ. ಇನ್ನ ಇದನ್ನ ಹರಾಜಿಗಿ ಇಡಾಕ ಬರಂಗಿಲ್ರಿ."

ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನಾನು ಬೆನ್ನ ಹಿಂದೆ ಮುಚ್ಚಿಕೊಂಡೆ. ಅವರೇ ನಿಟ್ಟುಸಿರು ಬಿಟ್ಟು ಅಂದರು: "ತಪ್ಪ ನಂದರಿ. ಹುಬ್ಬಳ್ಳ್ಯಾಗ ಹುಟ್ಟಿ ಬೆಳದಾಕಿ ನಾನು. ನಮ್ಮ ಮಂದಿಗೆ ಏನೂ ಮಾಡಬ್ಯಾಡ್ರಿ ಅನ್ನಬಾರದಿತ್ತು."

ಸುಮಂಗಲಾ ಮಾಡಿದ್ದ ಹೋಳಿಗೆ ಮಾತ್ರ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಹೊರಡುವಾಗ, "ಇನ್ನ ಐವತ್ತ ವರ್ಷ ಧೂಳ ಕುಂದರ್ಲಿ, ಮತ್ತ ಫೋನ ಮಾಡ್ರಿ," ಎಂದು ನಕ್ಕರು.

ಸುಮಂಗಲಾಳ ಮುಖ ನೋಡಲು ನನಗೆ ನಿಜಕ್ಕೂ ನಾಚಿಕೆಯಾಯಿತು.

"ಲಗ್ನಾಗಿ ಇಪ್ಪತ್ತೆಂಟ ವರ್ಷದಾಗ ನೀವ ಒಂದ ಸಾಮಾನ ಒರಸಿದ್ದ ನಾ ನೋಡಿಲ್ಲ," ಎಂದಳು. "ಒರಸಿದ್ದ ಒಂದ. ಅದೂ ಇದನ್ನ."

ಇಷ್ಟು ಹೇಳಿ ಹಿತ್ತಲಿನ ಖಾಲಿ ಕಲ್ಲುಕೋಣೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಅಳುತ್ತಿದ್ದಾಳೆಂದು ಹೆದರಿ ಇಣುಕಿದರೆ, ಗೋಡೆಗೆ ಅಂಗೈ ಒತ್ತಿ ನೋಡುತ್ತಿದ್ದಳು. ದಪ್ಪ ಗೋಡೆ, ಎತ್ತರದ ಕಿಟಕಿ, ಒಳಗೆ ತಣ್ಣಗಿನ ಗಾಳಿ.

"ಒಲಿ ಇಲ್ಲಿ ಇಡೂಣ್ರಿ," ಎಂದಳು.

ಮೂರನೆಯ ದಿನಕ್ಕೆ ಅಡಿಗೆಮನೆ ಅಲ್ಲಿಗೆ ಬಂತು. ಈಗ ಏಪ್ರಿಲ್ ಬಿಸಿಲಲ್ಲೂ ಆಕೆ ಹಾಡಿಕೊಳ್ಳುತ್ತ ರೊಟ್ಟಿ ಬಡಿಯುತ್ತಾಳೆ. ಬೇವಿನ ಮರದ ಕೆಳಗೆ ಕಾರಿನಲ್ಲಿ ಕೂತು ನಾನು ಚಹಾ ಕುಡಿಯುತ್ತೇನೆ. ಕಾರಿನ ಮೇಲೆ ಮತ್ತೆ ಧೂಳು ಕೂಡಿಸುವ ಜವಾಬ್ದಾರಿಯನ್ನು ಸುಮಂಗಲಾ ನನಗೇ ವಹಿಸಿದ್ದಾಳೆ. ಒರೆಸುವ ಬಟ್ಟೆ ಮುಟ್ಟದೆ ಸುಮ್ಮನೆ ಕೂತರಾಯಿತು. ಈ ಕೆಲಸದಲ್ಲಿ ನನಗೆ ಇಪ್ಪತ್ತೆಂಟು ವರ್ಷದ ಅನುಭವವಿದೆ.