ಮೆಟ್ಟಿಲ ಗೋಡೆಯ ಕೆಂಪು ಕಲೆಯು ಹುಳಿಯದೋ ಸುಣ್ಣದ್ದೋ ಎಂಬ ಬಗ್ಗೆ

ಇಲಾಖೆ (ಹೆಸರು ಬದಲಾವಣೆಯ ಪ್ರಸ್ತಾವನೆ ಪರಿಶೀಲನೆಯಲ್ಲಿರುವುದರಿಂದ ಸದ್ಯಕ್ಕೆ ಹೆಸರಿಲ್ಲ)
ಕಂಕನಾಡಿ ಶಾಖಾ ಕಚೇರಿ, ಮಂಗಳೂರು

ಸಂಖ್ಯೆ: ಮೆ.ಗೋ./ಕೆಂಪು/ಹಸಿರು/ಪುನಃ ಕೆಂಪು/೧೪

ವಿಷಯ: ಕಚೇರಿಯ ಗೋಡೆಗಳಲ್ಲಿ ಕಂಡುಬರುವ ಕೆಂಪು ಕಲೆಗಳ ಆಮ್ಲೀಯತೆಯನ್ನು ವಿಚಾರಿಸದೆ ನೌಕರರ ಮನೆಗೆ ನೋಟಿಸು ಕಳುಹಿಸದಿರುವ ಕುರಿತು.

ಉಲ್ಲೇಖ:
೧. ಪ್ರಥಮ ದರ್ಜೆ ಸಹಾಯಕರಾದ ಶ್ರೀ ಮೋಹನದಾಸ ಆಳ್ವರ ಪಡೀಲಿನ ಮನೆಗೆ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಲಾದ ಕಾರಣ ಕೇಳುವ ನೋಟಿಸು.
೨. ಅದಕ್ಕೆ ಅವರು ಸಲ್ಲಿಸಿದ ಲಿಖಿತ ಸಮಜಾಯಿಷಿ (ಪೂರ್ಣ ಪಾಠ: "ನಾನಲ್ಲ").
೩. ಅವರ ಪತ್ನಿ ಶ್ರೀಮತಿ ರತ್ನಾವತಿಯವರೊಂದಿಗೆ ಸಹಿದಾರರು ನಡೆಸಿದ ದೂರವಾಣಿ ಮಾತುಕತೆ.

ಪ್ರಸ್ತಾವನೆ:

ಕಚೇರಿಯ ಮೆಟ್ಟಿಲ ತಿರುವಿನಲ್ಲಿ, ಹೊಸದಾಗಿ ಪೈಂಟು ಬಳಿದ ಗೋಡೆಯ ಮೇಲೆ, ಮೇಲಧಿಕಾರಿಯವರ ತಪಾಸಣೆ ಮುಗಿದ ಮರುದಿನ ಕೆಂಪು ಕಲೆಯೊಂದು ಕಂಡುಬಂದಿರುತ್ತದೆ. ಕೆಂಪು ಎಂದರೆ ಎಲೆಯಡಿಕೆ, ಎಲೆಯಡಿಕೆ ಎಂದರೆ ಆಳ್ವರು ಎಂಬುದು ಇಲ್ಲಿ ಹಿಂದಿನಿಂದ ನಡೆದುಬಂದ ರೂಢಿಯಾಗಿರುವುದರಿಂದ ಪ್ರತ್ಯೇಕ ತನಿಖೆಯ ಅಗತ್ಯ ಕಂಡುಬಂದಿರಲಿಲ್ಲ. ಗೋಡೆಗೆ ಉಗುಳಿದ್ದೇಕೆ ಎಂದು ಕೇಳಿ ನೋಟಿಸು ಹೊರಡಿಸಲಾಯಿತು.

ಆಳ್ವರು ದೀಪಾವಳಿಯಿಂದೀಚೆಗೆ ಎಲೆ ಮುಟ್ಟಿಲ್ಲ ಎಂಬುದನ್ನು ಕಚೇರಿ ಗಮನಿಸಿರಲಿಲ್ಲ. ದಂತವೈದ್ಯರು ಅವರ ಕೆನ್ನೆಯ ಒಳಬದಿಯಲ್ಲಿ ಬಿಳಿ ಮಚ್ಚೆಯೊಂದನ್ನು ತೋರಿಸಿ, ಇನ್ನು ಎಲೆ ಹಾಕಿದರೆ ಮುಂದಿನದ್ದಕ್ಕೆ ತಾನು ಜವಾಬ್ದಾರನಲ್ಲ ಎಂದಿದ್ದರು. ರತ್ನಾವತಿಯವರು ಅಂದು ಹೆದರಿ ಅತ್ತರು. ಆಳ್ವರು ಎಲೆಯ ಡಬ್ಬಿಯನ್ನು ಅವರ ಕೈಗೇ ಕೊಟ್ಟು, ಇನ್ನಿಲ್ಲ ಎಂದು ಮಾತು ಕೊಟ್ಟರು. ಚಟ ಬಿಟ್ಟವನ ಕಷ್ಟ ಬಿಟ್ಟವನಿಗೇ ಗೊತ್ತು. ಲವಂಗ ಜಗಿಯುತ್ತಾ, ಸಿಕ್ಕಿದವರ ಮೇಲೆ ರೇಗುತ್ತಾ, ಹೇಗೋ ದಿನ ದೂಡುತ್ತಿದ್ದ ಮನುಷ್ಯನ ಮನೆಗೆ ನೋಟಿಸು ಹೋಯಿತು. ಸಹಿ ಹಾಕಿ ಪಡೆದವರು ರತ್ನಾವತಿಯವರು. ಅಂದಿನಿಂದ ಆಳ್ವರಿಗೆ ಮನೆಯಿಂದ ಬುತ್ತಿ ಕ್ರಮವಾಗಿ ಬರುತ್ತಿದೆ. ಹೆಂಡತಿಯ ಮಾತು ಬರುತ್ತಿಲ್ಲ.

ಈ ನಡುವೆ ಸ್ವಚ್ಛತಾ ಸಿಬ್ಬಂದಿ ಹಬೀಬಾ ಇವರು ಸದರಿ ಕಲೆಯನ್ನು ಸೋಪಿನ ನೀರಿನಿಂದ ಉಜ್ಜಲಾಗಿ, ಅದು ಹೋಗುವ ಬದಲು ಹಸಿರಾಯಿತು. ಸರಕಾರಿ ಗೋಡೆಗೆ ಅನುಮತಿಯಿಲ್ಲದೆ ಹಸಿರು ಬಣ್ಣ ಬಳಿದ ಬಗ್ಗೆ ವಿವರಣೆ ಕೇಳಲಾಗಿ, "ನಾನು ಸೋಪು ಹಾಕಿದ್ದು ಮಾರಾಯ್ರೆ, ಪೈಂಟು ಎಲ್ಲಿಂದ ತರುವುದು? ಅದು ತನ್ನಷ್ಟಕ್ಕೇ ಹಸಿರಾದದ್ದು" ಎಂದು ಅವರು ಹೇಳಿಕೆ ನೀಡಿರುತ್ತಾರೆ. ಡಾಟಾ ಎಂಟ್ರಿ ಆಪರೇಟರ್ ನಿರೀಕ್ಷಾ (ಬಿ.ಎಸ್ಸಿ., ರಸಾಯನಶಾಸ್ತ್ರ, ಈ ಪದವಿಯನ್ನು ಕಚೇರಿಯು ಇದುವರೆಗೆ ಬಳಸಿಕೊಂಡ ದಾಖಲೆಯಿಲ್ಲ) ಗೋಡೆಯನ್ನು ಮೂಸಿ ನೋಡಿ, ಕ್ಯಾಂಟೀನಿನಿಂದ ಲಿಂಬೆ ತರಿಸಿ ಹಿಂಡಿದರು. ಕಲೆ ಪುನಃ ಕೆಂಪಾಯಿತು. "ಎಂತ ಎಲೆಯಡಿಕೆ ಮೇಡಂ, ಇದು ಪುನರ್ಪುಳಿ ಹಣ್ಣಿನ ಶರಬತ್ತು. ಹುಳಿ ಇದ್ರೆ ಕೆಂಪು, ಸೋಪು ಬಿದ್ರೆ ಹಸಿರು. ಎಲೆಯಡಿಕೆ ಕೆಂಪಾಗುವುದೇ ಸುಣ್ಣದಿಂದ ಅಲ್ವಾ, ಅದಕ್ಕೆ ಸೋಪು ಹಾಕಿದ್ರೆ ಹಸಿರೆಲ್ಲ ಬರುವುದಿಲ್ಲ" ಎಂದು ಅವರು ಸಹಿದಾರರಿಗೆ ತಿಳಿಸಿದರು. ಸಹಿದಾರರು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಕೊಂಡರು.

ಆದಕಾರಣ ಸಂಬಂಧಪಟ್ಟ ಸಮಸ್ತರಿಗೂ ಈ ಕೆಳಗಿನಂತೆ ಸೂಚಿಸಲಾಗಿದೆ:

೧. ಇನ್ನು ಮುಂದೆ ಯಾವುದೇ ಕೆಂಪು ಕಲೆಯನ್ನು ಅದರ ಬಣ್ಣ ನೋಡಿ ನೌಕರರ ಹೆಸರಿಗೆ ಬರೆಯತಕ್ಕದ್ದಲ್ಲ. ಅದು ಆಮ್ಲವೋ ಪ್ರತ್ಯಾಮ್ಲವೋ, ಅಂದರೆ ಹುಳಿಯ ಪಕ್ಷದ್ದೋ ಸುಣ್ಣ-ಸೋಪಿನ ಪಕ್ಷದ್ದೋ ಎಂದು ಮೊದಲು ಕಲೆಯನ್ನೇ ವಿಚಾರಿಸತಕ್ಕದ್ದು. ಉತ್ತರಿಸಲು ಕಲೆಗೆ ಏಳು ದಿನಗಳ ಕಾಲಾವಕಾಶ ನೀಡಲಾಗುವುದು.

೨. ಹುಳಿಯನ್ನು ಪಿಎಚ್ ಎಂಬ ಅಳತೆಯಿಂದ ಅಳೆಯುವುದು. ಏಳು ಎಂದರೆ ಶುದ್ಧ ನೀರು, ಯಾರ ಪಕ್ಷವೂ ಅಲ್ಲ. ಏಳರ ಮೇಲೆ ಸೋಪು, ಸುಣ್ಣ ಇತ್ಯಾದಿ. ಏಳರ ಕೆಳಗೆ ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ಒಂದು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಕಡಿಮೆ ಸಂಖ್ಯೆಯವರೇ ಹೆಚ್ಚು ಹುಳಿ ಎಂಬುದು ಜ್ಯೇಷ್ಠತಾ ಪಟ್ಟಿಗೂ ಹೊಂದಿಕೆಯಾಗುವುದರಿಂದ ಇಲಾಖೆಯ ಆಕ್ಷೇಪವಿರುವುದಿಲ್ಲ.

೩. ಕಲೆಯ ಮೇಲೆ ಸೋಪು ಮತ್ತು ಲಿಂಬೆಯನ್ನು ಸರದಿಯಂತೆ ಪ್ರಯೋಗಿಸಲು ಎಲ್ಲಾ ವಿಭಾಗಗಳವರೂ ಮೆಟ್ಟಿಲಲ್ಲಿ ಸೇರಿದ್ದು, ಅಂದು ಮಧ್ಯಾಹ್ನ ಕೌಂಟರುಗಳಲ್ಲಿ ಸಾರ್ವಜನಿಕರು ಮಾತ್ರ ಇದ್ದರೆಂದು ವರದಿಯಾಗಿದೆ. ಸ್ವಲ್ಪ ಹೊತ್ತಿನಲ್ಲಿ ಅವರೂ ಮೆಟ್ಟಿಲಿಗೆ ಬಂದರು. ಇನ್ನು ಮುಂದೆ ಕಲೆಯನ್ನು ಹಸಿರು ಮಾಡಿದವರು ಕಚೇರಿ ಬಿಡುವ ಮುನ್ನ ಅದನ್ನು ಕೆಂಪಿಗೆ ಮರಳಿಸಿ ಹೋಗತಕ್ಕದ್ದು. ಲಿಂಬೆಯನ್ನು ಸ್ವಂತ ಮನೆಯಿಂದ ತರತಕ್ಕದ್ದು.

೪. ಕಲೆಯೊಳಗೆ ಕೆಂಪು ರೂಪವೂ ಹಸಿರು ರೂಪವೂ ಒಂದರಿಂದ ಇನ್ನೊಂದಕ್ಕೆ ಸದಾ ಹೋಗಿಬರುತ್ತಿದ್ದು, ಹೋಗುವ ವೇಗವೂ ಬರುವ ವೇಗವೂ ಸಮನಾದಾಗ ನೋಡುವವರಿಗೆ ಏನೂ ನಡೆಯುತ್ತಿಲ್ಲವೆಂದು ತೋರುವುದು. ಇದನ್ನು ರಾಸಾಯನಿಕ ಸಮತೋಲನ ಎನ್ನುತ್ತಾರೆ. ತಮ್ಮ ಕಡತ ಏನಾಯಿತು ಎಂದು ಕೇಳುವ ಸಾರ್ವಜನಿಕರಿಗೆ ಇನ್ನು ಮುಂದೆ ಇದೇ ಉತ್ತರ ನೀಡತಕ್ಕದ್ದು.

೫. ಸಮತೋಲನದಲ್ಲಿರುವ ವ್ಯವಸ್ಥೆಗೆ ಹೊರಗಿನಿಂದ ಏನಾದರೂ ಹಾಕಿದರೆ, ಆ ಉಪದ್ರವ ಕಡಿಮೆಯಾಗುವ ದಿಕ್ಕಿಗೆ ಅದು ತಾನಾಗಿಯೇ ಸರಿಯುತ್ತದೆ ಎಂದು ನಿರೀಕ್ಷಾ ಅವರು ವಿವರಿಸಿದರು. ಇದನ್ನು ನಂಬಿ ಇಲಾಖೆಯು ಕೆಲವು ದಿನ ಸುಮ್ಮನಿತ್ತು. ಪಡೀಲಿನ ಮನೆಗೆ ಹಾಕಿದ್ದು ನೋಟಿಸು. ಮನೆ ಯಾವ ದಿಕ್ಕಿಗೂ ಸರಿಯಲಿಲ್ಲ. ಮನೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲವೆಂದು ತಿಳಿಯುವುದು.

೬. ತಪಾಸಣೆಯ ದಿನ ಎಲ್ಲರಿಗೂ ಚಹಾ ನೀಡಲಾಗಿದ್ದು, ಪುನರ್ಪುಳಿ ಶರಬತ್ತನ್ನು ಒಬ್ಬರಿಗೆ ಮಾತ್ರ ನೀಡಲಾಗಿತ್ತು. ಅವರು ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಮೆಟ್ಟಿಲಿಳಿದರು. ತನಿಖೆಯನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ. ತಪಾಸಣೆಗೆ ಬರುವ ದರ್ಜೆಯವರಿಂದ ಗೋಡೆಗೆ ಉಂಟಾಗುವುದನ್ನು ಕಲೆ ಎನ್ನದೆ ವರ್ಣ ಕೊಡುಗೆ ಎಂದು ನಮೂದಿಸತಕ್ಕದ್ದು.

೭. ಆಮ್ಲವೂ ಪ್ರತ್ಯಾಮ್ಲವೂ ಸೇರಿದರೆ ಉಪ್ಪು ಮತ್ತು ನೀರು ಉಂಟಾಗುತ್ತದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆಗೆ ಬೇಕಾದ ಎರಡೂ ಹೀಗೆ ಒಂದೇ ಗೋಡೆಯಲ್ಲಿ ಲಭ್ಯವಿರುತ್ತವೆ. ಸದರಿ ಗಾದೆಯು ೬ನೇ ಕಲಮಿನಲ್ಲಿ ಹೇಳಲಾದವರಿಗೆ ಅನ್ವಯಿಸುವುದಿಲ್ಲ.

೮. ನೌಕರರೊಬ್ಬರು "ನಾನಲ್ಲ" ಎಂದಾಗ ಆ ಮಾತನ್ನು ಪರೀಕ್ಷಿಸುವ ಯಾವ ದ್ರವವೂ ಇಲಾಖೆಯ ದಾಸ್ತಾನಿನಲ್ಲಿರುವುದಿಲ್ಲ. ಹಾಗಾಗಿ ಮೊದಲು ನಂಬತಕ್ಕದ್ದು, ಸೋಪು ಆಮೇಲೆ. ಕಲೆ ಪುನರ್ಪುಳಿಯದೆಂದು ತಿಳಿಸಿ ಕ್ಷಮೆ ಕೇಳಲು ಕರೆಸಿದಾಗ ಆಳ್ವರು ಹೇಳಿದ್ದು ಇಷ್ಟು: "ಆಫೀಸು ನಂಬದಿದ್ರೆ ಹೋಗ್ಲಿ ಮೇಡಂ, ಆಫೀಸು ಯಾರನ್ನು ನಂಬ್ತದೆ? ಅವಳು ನಂಬಲಿಲ್ಲ ಅಲ್ವಾ, ಅದೇ ಬೇಜಾರು." ಸಹಿದಾರರು ಅವರ ಮನೆಯ ದೂರವಾಣಿ ಸಂಖ್ಯೆಯನ್ನು ಕೇಳಿ ಅಂಗೈಯಲ್ಲಿ ಬರೆದುಕೊಂಡರು. ಇಂತಹ ವಾಕ್ಯಗಳು ಸುತ್ತೋಲೆಯಲ್ಲಿರಬಾರದೆಂದು ಟೈಪಿಸಿದವರು ಆಕ್ಷೇಪಿಸಿದ್ದು, ಆಕ್ಷೇಪವನ್ನು ತಳ್ಳಿಹಾಕಲಾಗಿದೆ.

೯. ತರುವಾಯ ಸಹಿದಾರರೇ ಪಡೀಲಿಗೆ ಕರೆ ಮಾಡಿ, ಆಳ್ವರದ್ದು ಏನೂ ತಪ್ಪಿಲ್ಲವೆಂದು ಬಾಯಿಮಾತಿನಲ್ಲಿ ತಿಳಿಸಿದರು. ರತ್ನಾವತಿಯವರ ಉತ್ತರ: "ಫೋನಿನಲ್ಲಿ ಯಾರು ಬೇಕಾದ್ರೂ ಹೇಳ್ಬಹುದು ಮೇಡಂ. ಅವರೇ ಹೇಳಿ ಮಾಡಿಸಿದ್ದೋ ಅಂತ ನನಗೆ ಹೇಗೆ ಗೊತ್ತು? ತಪ್ಪು ಅಂತ ಬಂದದ್ದು ಸೀಲು ಹಾಕಿದ ಕಾಗದದಲ್ಲಿ. ತಪ್ಪಲ್ಲ ಅಂತಲೂ ಹಾಗೇ ಬರ್ಲಿ. ಮತ್ತೆ ನೋಡುವ. ಆ ಡಾಕ್ಟ್ರು ಹೇಳಿದ ದಿವಸದಿಂದ ನನಗೆ ನಿದ್ರೆ ಇಲ್ಲ." ಇದು ನ್ಯಾಯವಾದ ಬೇಡಿಕೆಯೆಂದು ಇಲಾಖೆಯು ಪರಿಗಣಿಸಿರುತ್ತದೆ.

೧೦. ಅದರಂತೆ, ಶ್ರೀ ಮೋಹನದಾಸ ಆಳ್ವರು ಎಲೆ ಹಾಕಿಲ್ಲ, ಉಗುಳಿಲ್ಲ, ಕೊಟ್ಟ ಮಾತಿಗೆ ತಪ್ಪಿಲ್ಲ ಎಂದು ಈ ಮೂಲಕ ಘೋಷಿಸಲಾಗಿದೆ. ವಿಶ್ವಾಸ ಮೂಡುವ ಸಲುವಾಗಿ ಇದರ ಮೇಲೆ ಕಚೇರಿಯಲ್ಲಿ ಲಭ್ಯವಿರುವ ಎಲ್ಲಾ ಸೀಲುಗಳನ್ನೂ ಒತ್ತಲಾಗಿದೆ. "ರದ್ದುಪಡಿಸಿದೆ" ಎಂಬ ಸೀಲನ್ನು ಮಾತ್ರ ಹಳೆಯ ನೋಟಿಸಿನ ಮೇಲೆ ಒತ್ತಲಾಗಿದೆ.

ಸಹಿ/-
ಒಲಿಂಡಾ ಪಿರೇರಾ
ಕಚೇರಿ ಅಧೀಕ್ಷಕರು

ಪ್ರತಿಗಳು:

೧. ಮಾನ್ಯ ಮೇಲಧಿಕಾರಿಯವರಿಗೆ, ಸಾದರಪೂರ್ವಕವಾಗಿ, ಮುಚ್ಚಳವಿರುವ ಲೋಟ ಸಹಿತ.
೨. ಹಬೀಬಾ ಅವರಿಗೆ. ಗೋಡೆ ತನ್ನಷ್ಟಕ್ಕೇ ಹಸಿರಾಯಿತೆಂಬ ವಿವರಣೆಯನ್ನು ಅಂಗೀಕರಿಸಲಾಗಿದೆ.
೩. ಕ್ಯಾಂಟೀನಿಗೆ. ಲಿಂಬೆಯನ್ನು ಊಟಕ್ಕೆ ಕೇಳಿದವರಿಗೆ ಮಾತ್ರ ಕೊಡಲು.
೪. ಕಲೆಗೆ, ಅದರ ಮೇಲೆಯೇ ಅಂಟಿಸಲು.
೫. ಶ್ರೀಮತಿ ರತ್ನಾವತಿಯವರಿಗೆ, ಪಡೀಲ್. ಈ ಪ್ರತಿಯನ್ನು ಅಂಚೆಗೆ ಹಾಕದೆ ಶ್ರೀ ಆಳ್ವರೇ ಖುದ್ದಾಗಿ ತಲುಪಿಸತಕ್ಕದ್ದು. ಈ ಸಲುವಾಗಿ ಅವರಿಗೆ ಅರ್ಧ ದಿನದ ರಜೆ ಮಂಜೂರು ಮಾಡಲಾಗಿದೆ. ಶ್ರೀಮತಿಯವರು ಮಾತನಾಡಿದಲ್ಲಿ ರಜೆಯನ್ನು ಪೂರ್ಣ ದಿನವೆಂದು ಪರಿಗಣಿಸಲಾಗುವುದು; ಬೈದರೂ ಮಾತನಾಡಿದರೆಂದೇ ಲೆಕ್ಕ.