ಭಾವಮೈದುನನನ್ನು ಭೂಮಿಗೆ ಕಳಿಸುವ ಯೋಜನೆ

ಹೆಂಡತಿಯ ತಮ್ಮನನ್ನು ಈ ಗ್ರಹದಿಂದ ಭೂಮಿಗೆ ಸಾಗಹಾಕಬೇಕೆಂದು ನಾನು ಯೋಚಿಸಿದ್ದು ತಪ್ಪೇ? ನೀವೇ ಹೇಳಿ. ಇಲ್ಲಿ ಉಸಿರಾಡುವ ಗಾಳಿಯನ್ನೂ ಯಂತ್ರದಲ್ಲಿ ತಯಾರಿಸಬೇಕು. ಆ ಗಾಳಿಯನ್ನು ನಮ್ಮ ಎರಡು ಕೋಣೆಯ ಮನೆಯಲ್ಲಿ ಮಧ್ಯಾಹ್ನದವರೆಗೆ ಗೊರಕೆ ಹೊಡೆಯಲು ಬಳಸುವವನು ಅವನೊಬ್ಬನೇ. (ಗೊರಕೆಗೆ ಗಾಳಿ ಹೆಚ್ಚು ಬೇಕೆಂಬುದು ನನ್ನ ಸ್ವಂತ ಸಂಶೋಧನೆ.)

ನಾನು ಈ ವಸಾಹತಿನ ಸ್ವಾವಲಂಬನಾ ಅಧಿಕಾರಿ. ಭೂಮಿಯಿಂದ ಏನನ್ನೂ ತರಿಸದೆ ಬದುಕುವುದು ಹೇಗೆಂದು ಯೋಚಿಸುವುದೇ ನನ್ನ ಕೆಲಸ. ನಮ್ಮಲ್ಲಿ ಮಾರುವುದಕ್ಕೆ ಧೂಳು ಬಿಟ್ಟರೆ ಏನೂ ಇಲ್ಲ, ಅದನ್ನು ಕೊಳ್ಳುವವರೂ ಇಲ್ಲ. ಹೀಗಾಗಿ ಸಾಮಾನು ತಂದ ಹಡಗು ಭೂಮಿಗೆ ಖಾಲಿಯಾಗಿ ಹಿಂತಿರುಗುತ್ತದೆ. ಅದನ್ನು ನೋಡಿಯೇ ನನಗೆ ಜ್ಞಾನೋದಯವಾಗಿ ಒಂದು ಮಹಾಶಾಸನ ಬರೆದೆ: ಎಲ್ಲರೂ ಸರದಿಯಂತೆ ಒಂದು ತಿಂಗಳು ಮನೆಯಲ್ಲಿ ಕೂರಬೇಕು. ಯಾರಿಲ್ಲದೆಯೂ ಕೆಲಸ ನಡೆಯುತ್ತದೋ ಅವರು ಹಡಗು ಹತ್ತಬೇಕು. ಯಾರಿಲ್ಲದೆ ಕೆಲಸ ನಿಲ್ಲುತ್ತದೋ ಅವರು ಇಲ್ಲಿಂದ ಕದಲುವಂತಿಲ್ಲ. ವಸಾಹತಿನ ಮುಖ್ಯಸ್ಥರು ತಲೆದೂಗಿ ಒಪ್ಪಿದರು.

"ನನ್ನ ತಮ್ಮನ ಮೇಲೆ ಕಣ್ಣಿಟ್ಟೇ ಬರೆದಿದ್ದೀರಿ," ಎಂದಳು ಹೆಂಡತಿ.

"ಶಾಸನಕ್ಕೆ ನೆಂಟಸ್ತಿಕೆ ಗೊತ್ತಿಲ್ಲ ಕಣೇ."

"ಹೋಗ್ಲಿ ಬಿಡಕ್ಕಾ. ಮನೇಲಿ ಕೂರೋದು ತಾನೇ, ನಂಗೆ ಅಭ್ಯಾಸ ಇದೆ," ಎಂದ ಅವನು, ಮಲಗಿದಲ್ಲಿಂದಲೇ.

ಹೆಂಡತಿ ಬಾಗಿಲುಗಳಿಂದ ಗಾಳಿ ಸೋರದಂತೆ ರಬ್ಬರು ಕೂರಿಸುವವಳು. ಅವಳು ಮನೆಯಲ್ಲಿ ಕೂತ ಮೊದಲ ವಾರವೇ ಊರಿನ ಬಾಗಿಲುಗಳೆಲ್ಲ ಸಿಳ್ಳೆ ಹೊಡೆದವು. ಜನ ಓಡಿ ಬಂದು ಅವಳನ್ನು ಕರೆದುಕೊಂಡು ಹೋದರು.

ನಂತರ ತಮ್ಮನ ಸರದಿ. ಅವನು ಸಂಜೆ ಬೇಸರವಾದಾಗ, ಊರಿನ ನೀರಿಗಾಗಿ ಮಂಜುಗಡ್ಡೆ ಅಗೆಯುವವರ ಕೂದಲು ಕತ್ತರಿಸುತ್ತಿದ್ದ. ಅದನ್ನು ನಾನು ಕೆಲಸವೆಂದೇ ಎಣಿಸಿರಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಅವರ ಕೂದಲು ಬೆಳೆದು, ಹೆಲ್ಮೆಟ್ಟಿನ ಅಂಚಿಗೆ ಸಿಕ್ಕಿ, ಯಾರದೂ ಮುಚ್ಚದಾಯಿತು. ಒಬ್ಬರಿಗೊಬ್ಬರು ಕತ್ತರಿಸಲು ಹೋಗಿ ಕಿವಿಗಳಿಗೆ ಪಟ್ಟಿ ಬಿತ್ತು. ಅಗೆತ ನಿಂತಿತು, ನಲ್ಲಿ ಒಣಗಿತು. ಮುಖ್ಯಸ್ಥರೇ ಬಂದು ಅವನನ್ನು ಎಬ್ಬಿಸಿದರು.

ಕೊನೆಗೆ ನಾನು ಕೂತೆ. ಏನೂ ನಿಲ್ಲಲಿಲ್ಲ. ಕಚೇರಿಯಲ್ಲಿ ಕೆಲಸ ಬೇಗ ಮುಗಿಯುತ್ತಿದೆ ಎಂಬ ಸಂತೋಷದ ಸುದ್ದಿಯನ್ನು ಜವಾನನೇ ತಂದು ಹೇಳಿದ.

"ನಿಮ್ಮ ನಿಯಮ ತುಂಬ ಚೆನ್ನಾಗಿದೆ ಸ್ವಾಮಿ," ಎಂದು ಮುಖ್ಯಸ್ಥರು ತಿಂಗಳು ತುಂಬಿದ ದಿನ ನನ್ನನ್ನು ಕಚೇರಿಗೆ ಕರೆಸಿ ಕೈ ಕುಲುಕಿದರು. "ಹಡಗು ನಾಳೆ ಹೊರಡುತ್ತೆ."

ಮನೆಗೆ ಬಂದಾಗ ಭಾವಮೈದುನ ಎದ್ದು ಕೂತಿದ್ದ. "ನಿಮ್ಮ ಬದಲು ನಾನೇ ಹೋಗ್ತೀನಿ ಅಂತ ಕೇಳಿದೆ ಭಾವಾ. ಬಿಡಲ್ವಂತೆ," ಎಂದವನು ಗೋಡೆಯ ಕಡೆ ತಿರುಗಿಕೊಂಡ.

ಹೆಂಡತಿ ನನ್ನ ಅಂಗಿಯನ್ನು ಮಡಿಸುತ್ತಿದ್ದಳು. ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

"ನೀವಿಲ್ಲದಿದ್ರೂ ಏನೂ ನಿಲ್ಲಲ್ಲ ಅಂತ ಅವರೆಲ್ಲ ತೀರ್ಮಾನ ಮಾಡಿದ್ರಲ್ಲ. ನನ್ನನ್ನ ಒಂದು ಮಾತು ಕೇಳಿದ್ರಾ?"

ಮನೆಯವರ ಮಾತನ್ನು ಕೇಳಕೂಡದು ಎಂಬ ಸಾಲನ್ನು ಶಾಸನಕ್ಕೆ ಸೇರಿಸಿದವನು ನಾನೇ. ಕೇಳಿದರೆ ಅವಳು ತಮ್ಮನನ್ನು ಉಳಿಸಿಕೊಂಡುಬಿಡುತ್ತಾಳಲ್ಲ ಎಂಬ ಭಯವಿತ್ತು ನನಗೆ.